ಜೂಜಿನ ಜಾಹೀರಾತು ನಡುಮನೆಗೆ ಬಂದ ದಾರಿ

ಕ್ರಿಕೆಟ್ ಪಂದ್ಯದ ನಡುವೆ ಬರುತ್ತಿದ್ದ ಫ್ಯಾಂಟಸಿ ಆಟದ (ನಿಜದ ಆಟಗಾರರನ್ನು ಆರಿಸಿ ಮೊಬೈಲಿನಲ್ಲಿ ತಂಡ ಕಟ್ಟಿ, ಹಣ ಹಾಕಿ ಆಡುವ ಆಟ) ಜಾಹೀರಾತಿನ ಕೊನೆಗೆ ಉಸಿರು ಬಿಡದೆ ಓದುವ ದನಿಯೊಂದು ಇರುತ್ತಿತ್ತು. ಅಸ್ಸಾಂ, ಒಡಿಶಾ, ತೆಲಂಗಾಣ, ಆಂಧ್ರಪ್ರದೇಶ, ನಾಗಾಲ್ಯಾಂಡ್, ಸಿಕ್ಕಿಂನವರು ಆಡುವಂತಿಲ್ಲ ಎಂದು ಅದು ಹೇಳುತ್ತಿತ್ತು. ಬೆಂಗಳೂರಿನವರು ಇದನ್ನು ಕಿವಿಗೆ ಹಾಕಿಕೊಂಡಿರಲಿಕ್ಕಿಲ್ಲ. ರಾಯಚೂರಿನವರಿಗೆ ಹಾಗಲ್ಲ. ಶಕ್ತಿನಗರದ ಬಳಿ ಕೃಷ್ಣೆ ದಾಟಿದರೆ ತೆಲಂಗಾಣ, ತುಂಗಭದ್ರೆ ದಾಟಿ ಮಂತ್ರಾಲಯಕ್ಕೆ ಹೋದರೆ ಆಂಧ್ರ. ಹೊಳೆಯ ಆಚೆ ದಂಡೆಯಲ್ಲಿ ಅಪರಾಧವಾದದ್ದು ಈಚೆ ದಂಡೆಯಲ್ಲಿ ಆಟವಾಗಿತ್ತು. ಟಿ.ವಿ.ಗೆ ಮಾತ್ರ ಹೊಳೆಯ ಲೆಕ್ಕವಿರಲಿಲ್ಲ. ಬಳ್ಳಾರಿ, ರಾಯಚೂರಿನ ಮನೆಗಳಲ್ಲಿ ಕನ್ನಡದಷ್ಟೇ ಸಲೀಸಾಗಿ ತೆಲುಗು ಚಾನೆಲ್ ಓಡುತ್ತದೆ. ಅದೇ ಜಾಹೀರಾತು ಎರಡು ಭಾಷೆಯಲ್ಲಿ ಬರುತ್ತಿತ್ತು.

ನಮ್ಮ ಕಡೆ ಬಾಜಿ ಕಟ್ಟುವುದು ಹೊಸದೇನಲ್ಲ. ಪಂಚಮಿಗೆ ನಿಂಬೆಹಣ್ಣು ಎಸೆಯುವ ಪಂದ್ಯ, ಯುಗಾದಿಗೆ ಇಸ್ಪೀಟು ಎಲ್ಲರಿಗೂ ಗೊತ್ತಿರುವವೇ. ನ್ಯೂಯಾರ್ಕ್ ಹತ್ತಿ ಪೇಟೆಯಿಂದ ಮುಂಬೈಗೆ ಬರುತ್ತಿದ್ದ ಧಾರಣೆಯ ಮೇಲೆ ಕಟ್ಟುತ್ತಿದ್ದ ಬಾಜಿ 1960ರ ದಶಕದಲ್ಲಿ ಮಡಕೆಯಿಂದ ಅಂಕಿ ಎತ್ತುವ ಮಟಕಾ ಆಯಿತು, ಮುಂದೆ ಓಸಿ ಚೀಟಿಯಾಗಿ ಇಲ್ಲಿನ ಚಹಾದಂಗಡಿಗಳಿಗೂ ಬಂತು, ಅದರ ಹಿಂದೆ ಬಸ್ ನಿಲ್ದಾಣಗಳ ಮುಂದೆ ಒಂದಂಕಿ ಲಾಟರಿ ನಿಂತಿತು, 2007ರಲ್ಲಿ ರಾಜ್ಯ ಸರ್ಕಾರ ಲಾಟರಿಯನ್ನೇ ನಿಷೇಧಿಸಿತು. ಮರುವರ್ಷ ಐಪಿಎಲ್ ಶುರುವಾಯಿತು.

ಜನಕ್ಕೆ ತಲೆ ಕೆಡಿಸಿದ ಗೋಜಲು ಹುಟ್ಟಿದ್ದು ಕಾನೂನಿನ ಒಂದು ಗೆರೆಯಿಂದ. ಅದೃಷ್ಟದ ಆಟ ಜೂಜು, ಕೌಶಲದ ಆಟ ಜೂಜಲ್ಲ. ಈ ಗೆರೆಗೂ ನಮ್ಮ ಭಾಗಕ್ಕೂ ಹಳೆಯ ನಂಟಿದೆ. ರಾಯಚೂರು, ಕೊಪ್ಪಳಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು, ಅಲ್ಲಿ ನಡೆಯುತ್ತಿದ್ದದ್ದು ಫಸಲಿ 1305ರ (ನಿಜಾಮರ ಆಡಳಿತದ ವರ್ಷಗಣನೆ) ಹೈದರಾಬಾದ್ ಜೂಜು ಕಾಯ್ದೆ. ಇದೇ ಕಾಯ್ದೆಯಡಿ ಸಿಕಂದರಾಬಾದಿನ ಕ್ಲಬ್ಬೊಂದರ ಮೇಲೆ ಹೂಡಿದ ಕೇಸು ಸುಪ್ರೀಂ ಕೋರ್ಟಿಗೆ ಹೋಗಿ, 1967ರ ನವೆಂಬರಿನಲ್ಲಿ ತೀರ್ಪಾಯಿತು. ಮೂರೆಲೆ ಆಟದಂತೆ ರಮ್ಮಿ ಬರೀ ಅದೃಷ್ಟದ ಆಟವಲ್ಲ, ಬಿದ್ದ ಎಲೆಗಳನ್ನು ನೆನಪಿಟ್ಟು ಆಡಬೇಕು, ಆದ್ದರಿಂದ ಮುಖ್ಯವಾಗಿ ಕೌಶಲದ್ದು ಎಂದಿತು ನ್ಯಾಯಾಲಯ. ಮುಂದೆ ರಮ್ಮಿ ಆ್ಯಪ್‌ಗಳೆಲ್ಲ ಹಣೆಗೆ ಹಚ್ಚಿಕೊಂಡದ್ದು ಇದೇ ವಾಕ್ಯವನ್ನು. ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ: ಪಣಕ್ಕಿಟ್ಟು ಆಡುವ ಆಟದಿಂದ ಮನೆ ಅಥವಾ ಕ್ಲಬ್ಬಿನ ಮಾಲೀಕ ಲಾಭ ಮಾಡಿಕೊಳ್ಳುತ್ತಿದ್ದರೆ ಅಪರಾಧ ಸಾಬೀತಾಗಬಹುದು. ಜಾಹೀರಾತಿನವರಿಗೆ ಈ ಸಾಲು ಕಂಡಂತಿಲ್ಲ. ಕ್ಲಬ್ಬಿನ ಒಂದು ಮೇಜಿನ ಸುತ್ತ ಕುಳಿತವರನ್ನು ನೋಡಿ ಎಳೆದ ಗೆರೆಯನ್ನು ಕೋಟಿಗಟ್ಟಲೆ ಮೊಬೈಲುಗಳಿಗೆ ಎಳೆದುಕೊಂಡು ಬಂದದ್ದು ಹೀಗೆ.

ಕರ್ನಾಟಕದಲ್ಲಿ 1963ರ ಪೊಲೀಸ್ ಕಾಯ್ದೆಯೂ ಇದೇ ಗೆರೆಯನ್ನು ಒಪ್ಪಿಕೊಂಡಿತ್ತು. ಕೌಶಲದ ಆಟಕ್ಕೆ 176ನೇ ಕಲಂನಲ್ಲಿ ವಿನಾಯಿತಿ ಇತ್ತು. ಅದರ ಪರಿಣಾಮವನ್ನು ಇಲ್ಲಿನ ಊರುಗಳಲ್ಲಿ ಕಣ್ಣಾರೆ ನೋಡಬಹುದಿತ್ತು. ಹಳ್ಳದ ದಂಡೆಯಲ್ಲೋ ಬೇವಿನ ಮರದ ಕೆಳಗೋ ಅಂದರ್–ಬಾಹರ್ ಆಡುತ್ತಿದ್ದವರ ಮೇಲೆ ದಾಳಿ, 52 ಎಲೆ ಮತ್ತು ಒಂದಿಷ್ಟು ನಗದು ಜಪ್ತಿ, 87ನೇ ಕಲಂ ಅಡಿ ಕೇಸು, ಮರುದಿನ ಪತ್ರಿಕೆಯಲ್ಲಿ ಸಣ್ಣ ಸುದ್ದಿ. ಸಂಜೆ ಅದೇ ಊರಿನ ಟಿ.ವಿ.ಯಲ್ಲಿ ಹೆಸರಾಂತ ಮುಖವೊಂದು ಬಂದು ರಮ್ಮಿ ಆಡಿ ಎನ್ನುತ್ತಿತ್ತು. ಹಿರಿಯರು ರೇಗುತ್ತಿದ್ದದ್ದು ಜೂಜಿಗಿಂತ ಹೆಚ್ಚಾಗಿ ಈ ಎರಡರ ಅಂತರಕ್ಕೆ. ರೇಗಲು ಕಾರಣವೂ ಇತ್ತು. ಓಸಿ ಬರೆಯುವವನು ಯಾವತ್ತೂ ಹುಡುಗರು ಪರೀಕ್ಷೆಗೆ ಓದುವ ಹೊತ್ತಿಗೆ ಪಡಸಾಲೆಗೆ ಬಂದು ಕೂತವನಲ್ಲ.

ಅಬ್ಬರ ಏರಿದ್ದು 2020ರಲ್ಲಿ. ಕೊರೊನಾದಿಂದ ಮನೆಯಲ್ಲಿ ಕೂತ ವರ್ಷ ಐಪಿಎಲ್‌ನ ಮುಖ್ಯ ಪ್ರಾಯೋಜಕತ್ವವನ್ನು ಫ್ಯಾಂಟಸಿ ಆಟದ ಡ್ರೀಮ್11 ಕಂಪನಿ 222 ಕೋಟಿ ರೂಪಾಯಿಗೆ ಪಡೆಯಿತು. ದೂರುಗಳು ಹೆಚ್ಚಾದಾಗ ಜಾಹೀರಾತು ಉದ್ಯಮದ ಸ್ವನಿಯಂತ್ರಣ ಸಂಸ್ಥೆ ಎಎಸ್‌ಸಿಐ ನಿಯಮ ಮಾಡಿತು, ಡಿಸೆಂಬರ್ 15ರಿಂದ ಅದು ಜಾರಿಗೆ ಬಂತು. 18 ದಾಟದವರನ್ನು ಆಡುವಂತೆ ತೋರಿಸಬಾರದು, ಇದು ದುಡಿಮೆಗೆ ಬದಲಿ ಎನ್ನಬಾರದು, ಹಣ ಹೋಗಬಹುದು, ಚಟ ಹತ್ತಬಹುದು ಎಂಬ ಎಚ್ಚರಿಕೆ ಇರಬೇಕು, ಅದನ್ನು ಸಹಜ ವೇಗದಲ್ಲಿ ಓದಬೇಕು. ವಾರ್ತಾ ಮತ್ತು ಪ್ರಸಾರ ಸಚಿವಾಲಯವೂ ಚಾನೆಲ್‌ಗಳಿಗೆ ಇದನ್ನೇ ಪಾಲಿಸಲು ಹೇಳಿತು. ಸಹಜ ವೇಗ ಎಂದರೆ ಎಷ್ಟು ಎಂಬುದಕ್ಕೆ ಪ್ರತಿ ಸ್ಟುಡಿಯೊದಲ್ಲೂ ಒಂದೊಂದು ಗಡಿಯಾರ ಇತ್ತೆಂದು ಕಾಣುತ್ತದೆ.

ಇದರ ಬೆನ್ನಿಗೇ ವಿದೇಶಿ ಬೆಟ್ಟಿಂಗ್ ತಾಣಗಳು ಇನ್ನೊಂದು ದಾರಿ ಹಿಡಿದವು. ಮದ್ಯದ ಜಾಹೀರಾತಿಗೆ ಕೇಬಲ್ ಟಿ.ವಿ. ನಿಯಮಗಳಲ್ಲಿ ನಿಷೇಧವಿದ್ದಾಗ ಅದೇ ಹೆಸರಿನ ಸೋಡಾ ತೋರಿಸಿದ ಹಾಗೆ, ಬೆಟ್ಟಿಂಗ್ ತಾಣದ ಹೆಸರು, ಲಾಂಛನ ಹೊತ್ತ ಕ್ರೀಡಾ ಸುದ್ದಿ ತಾಣಗಳು ತೆರೆಯ ಮೇಲೆ ಬಂದವು. ಇಂಥ ಜಾಹೀರಾತು ಬೇಡವೆಂದು ಸಚಿವಾಲಯ 2022ರ ಜೂನ್‌ನಲ್ಲಿ ಒಂದು ಸಲಹೆ, ಅಕ್ಟೋಬರ್‌ನಲ್ಲಿ ಇನ್ನೊಂದು, 2023ರ ಏಪ್ರಿಲ್, ಆಗಸ್ಟ್‌ನಲ್ಲಿ ಮತ್ತೆ ಸಲಹೆ ಹೊರಡಿಸಿತು. ಮೇಲಿಂದ ಮೇಲೆ ಸಲಹೆ ಕೊಡಬೇಕಾಗಿ ಬಂದದ್ದೇ ಅವುಗಳ ಬಲವನ್ನು ಹೇಳುತ್ತದೆ. ಆ ವರ್ಷದ ಅಕ್ಟೋಬರ್ 1ರಿಂದ ಆನ್‌ಲೈನ್ ಆಟಕ್ಕೆ ಕಟ್ಟುವ ಪೂರ್ತಿ ಹಣದ ಮೇಲೆ ಶೇ 28 ಜಿಎಸ್‌ಟಿಯೂ ಬಂತು.

ನಡುವೆ ಕರ್ನಾಟಕವೂ ಒಮ್ಮೆ ಕೈ ಹಾಕಿತ್ತು. 2021ರ ಅಕ್ಟೋಬರ್ 5ರಿಂದ ಪೊಲೀಸ್ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದು, ಹಣ ಕಟ್ಟಿ ಆಡುವ ಆನ್‌ಲೈನ್ ಆಟ ಅಪರಾಧವಾಯಿತು. ತೆಲಂಗಾಣ 2017ರಲ್ಲಿ, ಆಂಧ್ರ 2020ರಲ್ಲಿ ಇಟ್ಟ ಹೆಜ್ಜೆಯೇ ಇದು. ಕೆಲವು ತಿಂಗಳು ಹೊಳೆಯ ಎರಡೂ ದಂಡೆಗೆ ಒಂದೇ ಕಾನೂನು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಕೌಶಲ, ಅದೃಷ್ಟ ಎಂಬ ಭೇದ ಮಾಡದೆ ಎರಡನ್ನೂ ಒಂದೇ ಗಂಟಿಗೆ ಕಟ್ಟಿದ್ದು ಸರಿಯಲ್ಲ ಎಂಬುದು ಅದರ ಸಾರ. ಆ್ಯಪ್‌ಗಳು ಮರಳಿದವು.

ಹಾಗಾದರೆ ಬೇಸತ್ತ ವೀಕ್ಷಕ ಎಲ್ಲಿಗೆ ಹೋಗಬೇಕಿತ್ತು? ಸಂವಿಧಾನದಲ್ಲಿ ಜೂಜು ರಾಜ್ಯಪಟ್ಟಿಯ ವಿಷಯ, ಟಿ.ವಿ. ಪ್ರಸಾರವು ಕೇಂದ್ರ ಸರ್ಕಾರದ್ದು. ಠಾಣೆಯಲ್ಲಿ ಕೇಳಿದರೆ ಟಿ.ವಿ. ನಮ್ಮ ಕೈಯಲ್ಲಿಲ್ಲ ಎನ್ನಬಹುದು, ದೆಹಲಿಗೆ ಬರೆದರೆ ಜೂಜು ರಾಜ್ಯದ್ದು ಎನ್ನಬಹುದು, ಎರಡೂ ಸುಳ್ಳಲ್ಲ. 2021ರ ಜೂನ್‌ನಲ್ಲಿ ಕೇಬಲ್ ನಿಯಮಗಳಿಗೆ ಮೂರು ಹಂತದ ದೂರು ವ್ಯವಸ್ಥೆ ಸೇರಿತು. ಮೊದಲು ಚಾನೆಲ್‌ಗೆ ದೂರು, ಅದಕ್ಕೆ 15 ದಿನ. ಒಪ್ಪಿಗೆಯಾಗದಿದ್ದರೆ ಸ್ವನಿಯಂತ್ರಣ ಸಂಸ್ಥೆ, ಅದಕ್ಕೆ 60 ದಿನ. ಕೊನೆಗೆ ಸರ್ಕಾರದ ಸಮಿತಿ. ಐಪಿಎಲ್ ನಡೆಯುವುದು ಸುಮಾರು ಎರಡು ತಿಂಗಳು. ಎರಡನೇ ಹಂತ ಮುಗಿಯುವಷ್ಟರಲ್ಲಿ ಕಪ್ ಯಾರದೋ ಮನೆ ಸೇರಿರುತ್ತದೆ.

2025ರ ಆಗಸ್ಟ್‌ನಲ್ಲಿ ಸಂಸತ್ತು ಈ ಸುತ್ತಾಟವನ್ನೆಲ್ಲ ಬದಿಗೆ ತಳ್ಳಿತು. ಆನ್‌ಲೈನ್ ಗೇಮಿಂಗ್ ಮಸೂದೆ 20ರಂದು ಲೋಕಸಭೆಯಲ್ಲಿ, 21ರಂದು ರಾಜ್ಯಸಭೆಯಲ್ಲಿ ಅಂಗೀಕಾರವಾಗಿ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆಯಿತು. ಸುಮಾರು 45 ಕೋಟಿ ಜನ ವರ್ಷಕ್ಕೆ 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದಾರೆ ಎಂಬುದು ಸರ್ಕಾರ ಕೊಟ್ಟ ಅಂದಾಜು. ಹಣದ ಆಟ ನಡೆಸಿದರೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಜಾಹೀರಾತು ಕೊಟ್ಟರೆ 2 ವರ್ಷ, 50 ಲಕ್ಷ. ಭಾರತ ತಂಡದ ಅಂಗಿಯ ಮೇಲಿನ ಡ್ರೀಮ್11 ಹೆಸರು ಹೋಯಿತು, ಸೆಪ್ಟೆಂಬರ್‌ನ ಏಷ್ಯಾ ಕಪ್‌ನಲ್ಲಿ ತಂಡ ಪ್ರಾಯೋಜಕರಿಲ್ಲದೆ ಆಡಿತು. ವರ್ಷಗಟ್ಟಲೆ ಆಗದ ಕೆಲಸ ಮೂರೇ ದಿನದಲ್ಲಿ ಆದದ್ದನ್ನು ಕಂಡವರಿಗೆ, ಮೊದಲೇ ಏಕೆ ಆಗಲಿಲ್ಲ ಎನ್ನಿಸಿದರೆ ತಪ್ಪಿಲ್ಲ.

ಓಸಿ ಚೀಟಿ ಈ ಕಾಯ್ದೆಯ ಗುರಿಯಲ್ಲ, ಅದು ಹಿಂದಿನಂತೆ ಠಾಣೆಯ ತಲೆನೋವು. ಕಂಪನಿಯೊಂದು ಆಗಸ್ಟ್ ಮುಗಿಯುವ ಮೊದಲೇ ಕರ್ನಾಟಕ ಹೈಕೋರ್ಟ್‌ನಲ್ಲಿ ಕಾಯ್ದೆಯನ್ನು ಪ್ರಶ್ನಿಸಿತು. ಬೇರೆ ಬೇರೆ ಹೈಕೋರ್ಟ್‌ಗಳ ಅರ್ಜಿಗಳನ್ನು ಸೆಪ್ಟೆಂಬರ್ 8ರಂದು ಸುಪ್ರೀಂ ಕೋರ್ಟ್ ತನ್ನ ಬಳಿಗೆ ತರಿಸಿಕೊಂಡಿತು. ಹೊಸ ಕಾಯ್ದೆ ಕೌಶಲವೋ ಅದೃಷ್ಟವೋ ಎಂದು ಕೇಳುವುದೇ ಇಲ್ಲ. ಗೆಲ್ಲುವ ಆಸೆಗೆ ಹಣ ಕಟ್ಟಿದರೆ ಸಾಕು. ಹಾಗೆ ಕೇಳದೆ ಬಿಡಬಹುದೇ, ಜೂಜು ರಾಜ್ಯಪಟ್ಟಿಯಲ್ಲಿರುವಾಗ ಸಂಸತ್ತಿಗೆ ಆ ಅಧಿಕಾರ ಉಂಟೇ ಎಂಬುದು ಅರ್ಜಿಗಳ ತಿರುಳು.