ವೀಕ್ ಮೇಯರ್: ಶಿಕಾಗೊದಲ್ಲಿ ಈ ಮಾತಿಗೆ ಏನರ್ಥ?

ಅಮೆರಿಕದ ನಗರಾಡಳಿತದ ಬಗ್ಗೆ ಓದುವಾಗ ‘ಸ್ಟ್ರಾಂಗ್ ಮೇಯರ್’, ‘ವೀಕ್ ಮೇಯರ್’ ಎಂಬ ಎರಡು ಮಾತು ಪದೇ ಪದೇ ಎದುರಾಗುತ್ತವೆ. ಇದು ಕುರ್ಚಿಯಲ್ಲಿ ಕೂತವರ ಸ್ವಭಾವದ ವಿಚಾರವಲ್ಲ, ಕಾನೂನು ಆ ಕುರ್ಚಿಗೆ ಏನು ಕೊಟ್ಟಿದೆ ಎಂಬುದರ ವಿಚಾರ. ಬಜೆಟ್ ಸಿದ್ಧಪಡಿಸುವವರು ಯಾರು? ಇಲಾಖೆಯ ಮುಖ್ಯಸ್ಥರನ್ನು ನೇಮಿಸುವವರು, ತೆಗೆಯುವವರು ಯಾರು? ಕೌನ್ಸಿಲ್ (ಚುನಾಯಿತ ಸದಸ್ಯರ ನಗರಸಭೆ) ತೀರ್ಮಾನಕ್ಕೆ ತಡೆ ಹಾಕುವ ವೀಟೋ ಉಂಟೇ? ಇದೆಲ್ಲ ಬಹುಪಾಲು ಮೇಯರ್ ಕೈಯಲ್ಲಿದ್ದರೆ ಸ್ಟ್ರಾಂಗ್. ಪ್ರತಿ ಹೆಜ್ಜೆಗೂ ಕೌನ್ಸಿಲ್ ಒಪ್ಪಿಗೆ ಬೇಕಾದರೆ ವೀಕ್. ಡಲ್ಲಾಸ್, ಫೀನಿಕ್ಸ್‌ಗಳಲ್ಲಿ ಮೂರನೆಯ ಬಗೆಯಿದೆ: ಕೌನ್ಸಿಲ್ ನೇಮಿಸಿದ ಸಿಟಿ ಮ್ಯಾನೇಜರ್ ಆಡಳಿತ ನಡೆಸುತ್ತಾರೆ. ನಮ್ಮ ಪಾಲಿಕೆ ಆಯುಕ್ತರ ಹಾಗೆ ಎನಿಸಬಹುದು, ಆದರೆ ಆಯುಕ್ತರನ್ನು ಕಳಿಸುವುದು ರಾಜ್ಯ ಸರ್ಕಾರ.

ಶಿಕಾಗೊ ಯಾವ ಸಾಲಿಗೆ ಸೇರುತ್ತದೆ ಎಂದು ಕೇಳಿದರೆ ಹೆಚ್ಚಿನವರು ಸ್ಟ್ರಾಂಗ್ ಎಂದೇ ಹೇಳುತ್ತಾರೆ. ಕಾಗದದ ಮೇಲೆ ಅದು ವೀಕ್. 50 ವಾರ್ಡ್, ವಾರ್ಡಿಗೊಬ್ಬ ಆಲ್ಡರ್‌ಮನ್, ಅಂದರೆ ನಾವು ಕಾರ್ಪೊರೇಟರ್ ಎನ್ನುವವರು. ಮೇಯರನ್ನು ಮಾತ್ರ ನಮ್ಮಲ್ಲಿಯಂತೆ ಅವರು ಆರಿಸುವುದಿಲ್ಲ. ಮತದಾರರು ನೇರವಾಗಿ ಆರಿಸುತ್ತಾರೆ. ಮೇಯರ್ ಕೌನ್ಸಿಲ್ ಸಭೆಯ ಅಧ್ಯಕ್ಷತೆ ವಹಿಸುತ್ತಾರೆ, ಮತ ಸಮಸಮವಾದಾಗ ತಮ್ಮ ಮತ ಹಾಕುತ್ತಾರೆ, ವೀಟೋ ಚಲಾಯಿಸಬಹುದು. ಆದರೆ ಬಜೆಟ್ ಪಾಸಾಗಬೇಕಾದದ್ದು, ಮುಖ್ಯ ನೇಮಕಗಳಿಗೆ ಒಪ್ಪಿಗೆ ಸಿಗಬೇಕಾದದ್ದು ಕೌನ್ಸಿಲ್‌ನಲ್ಲೇ.

ಮೊದಲಿನಿಂದಲೂ ಈ ಕುರ್ಚಿಗೆ ಅಳತೆ ಮಾಡಿಯೇ ಅಧಿಕಾರ ಕೊಟ್ಟದ್ದು. 1837ರಲ್ಲಿ ಶಿಕಾಗೊ ನಗರವಾದಾಗ ವಿಲಿಯಂ ಆಗ್ಡನ್ ಮೊದಲ ಮೇಯರ್ ಆದರು. ಅವಧಿ ಒಂದೇ ವರ್ಷ. 1863ರಲ್ಲಿ ಎರಡು ವರ್ಷವಾಯಿತು, 1907ರಲ್ಲಿ ನಾಲ್ಕು. 1871ರ ಮಹಾ ಬೆಂಕಿಯಲ್ಲಿ ಊರು ಸುಟ್ಟ ಮೇಲೆ ಗೆದ್ದ ಜೋಸೆಫ್ ಮೆಡಿಲ್, ಇಷ್ಟು ಕಡಿಮೆ ಅಧಿಕಾರದಲ್ಲಿ ಊರು ಕಟ್ಟಲಾಗದು ಎಂದು ಪಟ್ಟುಹಿಡಿದರು. ಅದಕ್ಕೆಂದೇ 1872ರಲ್ಲಿ ರಾಜ್ಯದ ಶಾಸನಸಭೆ ‘ಮೇಯರ್ಸ್ ಬಿಲ್’ ತಂದು ನೇಮಕ, ವಜಾಗಳಲ್ಲಿ ಹೆಚ್ಚಿನ ಅಧಿಕಾರ ಕೊಟ್ಟಿತು.  

ಹಾಗಾದರೆ ಶಿಕಾಗೊ ಮೇಯರ್ ಎಂದರೆ ಸರ್ವಾಧಿಕಾರಿ ಎಂಬ ಹೆಸರು ಎಲ್ಲಿಂದ ಬಂತು? ಪಕ್ಷದಿಂದ. 1931ರಲ್ಲಿ ಡೆಮಾಕ್ರಟಿಕ್ ಪಕ್ಷದ ಆಂಟನ್ ಸರ್ಮಾಕ್ ಗೆದ್ದಂದಿನಿಂದ ಇಂದಿನವರೆಗೆ ಅಲ್ಲಿ ರಿಪಬ್ಲಿಕನ್ ಮೇಯರ್ ಬಂದಿಲ್ಲ. 1955ರಲ್ಲಿ ಮೇಯರ್ ಆದ ರಿಚರ್ಡ್ ಜೆ. ಡೇಲಿ 1953ರಿಂದಲೇ ಕುಕ್ ಕೌಂಟಿಯ (ಶಿಕಾಗೊ ಇರುವ ಜಿಲ್ಲೆ) ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷರಾಗಿದ್ದರು. 1976ರ ಡಿಸೆಂಬರಿನಲ್ಲಿ ತೀರಿಕೊಳ್ಳುವವರೆಗೆ ಎರಡೂ ಕುರ್ಚಿ ಬಿಡಲಿಲ್ಲ. ಮತಗಟ್ಟೆ ಮಟ್ಟದ ಕಾರ್ಯಕರ್ತ ವೋಟು ಹಾಕಿಸಿದರೆ ನಗರದ ನೌಕರಿ. ಹಾಕಿಸದಿದ್ದರೆ ನೌಕರಿಯೂ ಇಲ್ಲ. ಆಲ್ಡರ್‌ಮನ್‌ಗೆ ಟಿಕೆಟ್ ಕೊಡುವುದೂ ಅದೇ ಪಕ್ಷ. ಟಿಕೆಟ್ ಕೊಟ್ಟವರ ವಿರುದ್ಧ ಕೈ ಎತ್ತುವವರು ಎಷ್ಟು ಮಂದಿ? ವೀಕ್ ಕುರ್ಚಿ ಸ್ಟ್ರಾಂಗ್ ಆದದ್ದು ಬಹುಪಾಲು ಹೀಗೆ.

ಈ ನೌಕರಿ ವ್ಯವಸ್ಥೆಯ ಮೇಲೆ 1969ರಲ್ಲಿ ವಕೀಲ ಮೈಕೆಲ್ ಶಾಕ್‌ಮನ್ ಮೊಕದ್ದಮೆ ಹೂಡಿದರು. ರಾಜಕೀಯ ಕಾರಣಕ್ಕೆ ನೌಕರರನ್ನು ತೆಗೆಯಬಾರದು ಎಂದು 1972ರಲ್ಲಿ, ರಾಜಕೀಯ ನೋಡಿ ಸೇರಿಸಿಕೊಳ್ಳಬಾರದು ಎಂದು 1983ರಲ್ಲಿ ಇತ್ಯರ್ಥವಾಯಿತು.

ಅದೇ 1983ರಲ್ಲಿ, ಪಕ್ಷ ಬೆನ್ನಿಗಿಲ್ಲದ ಮೇಯರ್ ಎಷ್ಟು ವೀಕ್ ಎಂಬುದು ಬಯಲಾಯಿತು. ನಗರದ ಮೊದಲ ಕಪ್ಪು ವರ್ಣೀಯ ಮೇಯರ್ ಹೆರಾಲ್ಡ್ ವಾಷಿಂಗ್ಟನ್ ಗೆದ್ದು ಬಂದಾಗ 50 ಆಲ್ಡರ್‌ಮನ್‌ಗಳಲ್ಲಿ 29 ಮಂದಿ ಅವರ ವಿರುದ್ಧ ಒಂದಾದರು. ಮೇ 2ರ ಮೊದಲ ಸಭೆಯಲ್ಲಿ ವಾಷಿಂಗ್ಟನ್ ಸಭೆ ಮುಂದೂಡಿ ಎದ್ದು ಹೋದರು. ಆ 29 ಮಂದಿ ಎಡ್ವರ್ಡ್ ವ್ರಡೋಲ್ಯಾಕ್ ನಾಯಕತ್ವದಲ್ಲಿ ಸಭೆ ಮುಂದುವರಿಸಿ ಸಮಿತಿಗಳ ಅಧ್ಯಕ್ಷಗಿರಿಯನ್ನು ಹಂಚಿಕೊಂಡರು. ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು.

ಮುಂದಿನ ಮೂರು ವರ್ಷದ ಜಗಳವನ್ನು ‘ಕೌನ್ಸಿಲ್ ವಾರ್ಸ್’ ಎನ್ನುತ್ತಾರೆ. ಲೆಕ್ಕ ನೋಡಿ. ನಿರ್ಣಯ ಪಾಸು ಮಾಡಲು 26 ಮತ ಸಾಕು. ವಿರೋಧಿಗಳ ಹತ್ತಿರ 29 ಇತ್ತು. ಮೇಯರ್ ವೀಟೋ ಹಾಕಿದರೆ ಅದನ್ನು ಮುರಿಯಲು ಮೂರನೇ ಎರಡರಷ್ಟು, ಅಂದರೆ 34 ಬೇಕು, ಐದು ಕಡಿಮೆ. ಮೇಯರ್ ಕಡೆ 21 ಇತ್ತು. ವೀಟೋ ಉಳಿಸಿಕೊಳ್ಳಲು 17 ಸಾಕು, ಆದರೆ ಸ್ವಂತ ಪ್ರಸ್ತಾವ ಪಾಸು ಮಾಡಿಸಲು ಸಾಲದು. ಹೀಗಾಗಿ ಇಬ್ಬರೂ ಪರಸ್ಪರ ತಡೆಯಬಲ್ಲರು, ಯಾರೂ ಮುಂದೆ ಹೋಗಲಾರರು. ಮೇಯರ್ ಸೂಚಿಸಿದ ಹೆಸರುಗಳು ಸಮಿತಿಗಳಲ್ಲೇ ಕೊಳೆತವು. ಕೊನೆಗೆ ವಾರ್ಡ್ ಗಡಿಗಳ ಬಗ್ಗೆ ನ್ಯಾಯಾಲಯದ ಆದೇಶದಂತೆ 1986ರಲ್ಲಿ 7 ವಾರ್ಡ್‌ಗಳಿಗೆ ಮರುಚುನಾವಣೆ ನಡೆದು ಬಲ 25–25 ಆಯಿತು. ಸಮಸಮವಾದಾಗ ಮತ ಹಾಕುವ, ಅಲ್ಲಿಯವರೆಗೆ ಯಾರೂ ಲೆಕ್ಕಕ್ಕೇ ಇಟ್ಟಿರದ ಆ ಸಣ್ಣ ಅಧಿಕಾರವೇ ವಾಷಿಂಗ್ಟನ್ ಕೈ ಹಿಡಿಯಿತು. ಮರುವರ್ಷವೇ, ನವೆಂಬರ್ 25ರಂದು, ಅವರು ತೀರಿಕೊಂಡದ್ದು ಶಿಕಾಗೊದ ದೊಡ್ಡ ನಷ್ಟ.

ರಿಚರ್ಡ್ ಜೆ. ಡೇಲಿಯ ಮಗ ರಿಚರ್ಡ್ ಎಂ. ಡೇಲಿ 1989ರಿಂದ 2011ರವರೆಗೆ, ತಂದೆಗಿಂತಲೂ ಹೆಚ್ಚು ಕಾಲ ಕುರ್ಚಿಯಲ್ಲಿದ್ದುದರಿಂದ ಸ್ಟ್ರಾಂಗ್ ಎಂಬ ಹೆಸರು ಮತ್ತೆ ಅಂಟಿಕೊಂಡಿತು. ಅವರ ಕಾಲದಲ್ಲೇ, 1999ರಿಂದ, ಮೇಯರ್ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಹೋಯಿತು. ಈಗ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬಾರದಿದ್ದರೆ ಮೊದಲಿಬ್ಬರ ನಡುವೆ ಎರಡನೇ ಸುತ್ತು; ಮೇಯರ್ ಹುದ್ದೆಗೆ ಅದು ಮೊದಲು ನಡೆದದ್ದು 2015ರಲ್ಲಿ. 2023ರಲ್ಲಿ ಇದೇ ದಾರಿಯಲ್ಲಿ ಗೆದ್ದ ಬ್ರ್ಯಾಂಡನ್ ಜಾನ್ಸನ್, ಮರುವರ್ಷ ಮಂಡಿಸಿದ ಬಜೆಟ್‌ನಲ್ಲಿ 30 ಕೋಟಿ ಡಾಲರಿನ ಆಸ್ತಿ ತೆರಿಗೆ ಏರಿಕೆ ಸೂಚಿಸಿದರು. ನವೆಂಬರ್ 14ರಂದು ಕೌನ್ಸಿಲ್ ಅದನ್ನು 50–0ಯಿಂದ ತಳ್ಳಿಹಾಕಿತು. ತೆರಿಗೆ ಏರಿಕೆ ಕೈಬಿಟ್ಟ ಮೇಲೆ, ಡಿಸೆಂಬರಿನಲ್ಲಿ, ಬಜೆಟ್ 27–23ರಲ್ಲಿ ಪಾಸಾಯಿತು.