ಚೆನ್ನಾಗಿರುವ ಗ್ರೀನ್‌ಗೆ ತೂತು ಯಾಕೆ?

ಪ್ರತಿ ವರ್ಷ ಏಪ್ರಿಲ್ ಬಂತೆಂದರೆ ನನ್ನ ಫೋನಿಗೆ ಒಂದೇ ಥರದ ಮೆಸೇಜು ಬರುತ್ತದೆ. ಜೊತೆಗೊಂದು ಫೋಟೊ. ಗಾಲ್ಫಿನ ಗ್ರೀನ್, ಅಂದರೆ ಚೆಂಡು ಬೀಳಿಸುವ ಕುಳಿಯ ಸುತ್ತಲಿನ ನುಣ್ಣನೆಯ ಹುಲ್ಲು, ಅದರ ತುಂಬಾ ನಾವು ಯಂತ್ರದಿಂದ ಹೊಡೆದ ಸಾಲು ಸಾಲು ತೂತು, ಮೇಲೆ ಚೆಲ್ಲಿದ ಮರಳು. ಕೆಳಗೆ ಒಂದೇ ಮಾತು: "ಇಷ್ಟು ಚೆನ್ನಾಗಿತ್ತಲ್ರೀ, ಯಾಕೆ ಹಾಳು ಮಾಡಿದ್ರಿ?"

ನಾನು ಓದಿದ್ದು ಕೃಷಿ. ಬೆಂಗಳೂರು ಸುತ್ತಮುತ್ತಲಿನ ಗಾಲ್ಫ್ ಕೋರ್ಸುಗಳಲ್ಲಿ ಹುಲ್ಲು ನೋಡಿಕೊಳ್ಳುವ ಕೆಲಸ ಹಿಡಿದು 22 ವರ್ಷ ಆಯಿತು. ಮೆಂಬರುಗಳಿಂದ ಎಲ್ಲದರ ಬಗ್ಗೆಯೂ ದೂರು ಬರುತ್ತದೆ. ಬಂಕರ್ ಗುಂಡಿಯ ಮರಳು ಗಟ್ಟಿಯಾಯಿತು, ಫೇರ್‌ವೇ ಹುಲ್ಲು ಒಣಗಿದೆ, ಆ ಮರ ಅಡ್ಡ ಬರುತ್ತದೆ, ಹೀಗೆ. ಕಾರಣ ಹೇಳಿದರೆ ಕೇಳಿಸಿಕೊಳ್ಳುತ್ತಾರೆ, ಒಪ್ಪುತ್ತಾರೆ. ಈ ತೂತಿನ ವಿಷಯ ಮಾತ್ರ ಎಷ್ಟು ಸಲ ಹೇಳಿದರೂ ಮುಂದಿನ ಏಪ್ರಿಲ್ ಹೊತ್ತಿಗೆ ಮರೆತುಹೋಗಿರುತ್ತದೆ. ಅದಕ್ಕೇ ಇವತ್ತು ಅದೊಂದನ್ನೇ ಬಿಡಿಸಿ ಬರೆಯುತ್ತಿದ್ದೇನೆ.

ತೂತು ಹೊಡೆಯುವುದು ಕಾಯಿಲೆಗೆ ಕೊಡುವ ಔಷಧಿ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಗ್ರೀನ್ ಕೆಟ್ಟಾಗ ಮಾಡಬೇಕು, ಚೆನ್ನಾಗಿರುವಾಗ ಅದರ ಪಾಡಿಗೆ ಬಿಡಬೇಕು ಅನ್ನುವುದು ಅವರ ಲೆಕ್ಕ. ನಿಜ ಇದಕ್ಕೆ ಪೂರ್ತಿ ಉಲ್ಟಾ. ಸೊರಗಿದ ಗ್ರೀನ್‌ಗೆ ತೂತು ಹೊಡೆದರೆ ಅದು ಮೇಲೇಳುವುದು ಕಷ್ಟ. ಹುಲ್ಲಿನಲ್ಲಿ ಕಸುವು ಇರುವಾಗಲೇ ಹೊಡೆಯಬೇಕು. ನಿಮ್ಮ ಕಣ್ಣಿಗೆ ಗ್ರೀನ್ ಅತಿ ಚಂದ ಕಾಣುವ ವಾರ ಯಾವುದೋ, ನನ್ನ ಪಾಲಿಗೆ ತೂತು ಹೊಡೆಯುವ ವಾರ ಅದೇ.

ಯಾಕೆ ಅಂತ ತಿಳಿಯಬೇಕಾದರೆ ಹುಲ್ಲಿನ ಗುಣ ತಿಳಿಯಬೇಕು. ನಮ್ಮ ಕಡೆಯ ಗ್ರೀನ್‌ಗಳಲ್ಲಿರುವುದು ಬರ್ಮುಡಾ ಹುಲ್ಲು. ಹೆಸರು ಹೊರಗಿನದು, ಗಿಡ ಮಾತ್ರ ನಮ್ಮ ಮನೆಯದೇ. ಗಣೇಶನಿಗೆ ಏರಿಸುವ ಗರಿಕೆ ಅದು. ಆ ಗರಿಕೆಯನ್ನು ಆಫ್ರಿಕಾದ ಸಣ್ಣ ಎಲೆಯ ಹುಲ್ಲಿನ ಜೊತೆ ಕೂಡಿಸಿ, ಅದರಿಂದ ಬಂದ ಕುಳ್ಳ ತಳಿಗಳನ್ನು ಗ್ರೀನ್‌ನಲ್ಲಿ ಹಾಕುತ್ತೇವೆ. ಟಿಫ್‌ಡ್ವಾರ್ಫ್, ಟಿಫ್‌ಈಗಲ್ ಅನ್ನುವ ಹೆಸರು ಕೇಳಿರುತ್ತೀರಿ. ಅಮೆರಿಕದ ಜಾರ್ಜಿಯಾದಲ್ಲಿ ಟಿಫ್ಟನ್ ಅಂತ ಒಂದು ಊರು. ಅಲ್ಲಿನ ಸಂಶೋಧನಾ ಕೇಂದ್ರದಿಂದ ಬಂದಿದ್ದಕ್ಕೆ ಆ 'ಟಿಫ್'. ಹೊಲದಲ್ಲಿ ಗರಿಕೆ ಸೇರಿಕೊಂಡರೆ ಎಷ್ಟು ಕಿತ್ತರೂ ಮುಗಿಯುವುದಿಲ್ಲ ಅಂತ ರೈತರು ತಲೆ ಚಚ್ಚಿಕೊಳ್ಳುತ್ತಾರಲ್ಲ, ಆ ಗುಣವೇ ನಮಗೆ ಆಸ್ತಿ. ಗಾಯವಾದ ಜಾಗಕ್ಕೆ ಪಕ್ಕದಿಂದ ಬಳ್ಳಿ ಚಾಚಿ ಮುಚ್ಚಿಬಿಡುತ್ತದೆ. ಆದರೆ ಅದಕ್ಕೆ ಬಿಸಿಲು ಬೇಕು, ನೆಲ ಬೆಚ್ಚಗಿರಬೇಕು. ಡಿಸೆಂಬರಿನ ಚಳಿಗೆ ಅದು ಮಲಗುತ್ತದೆ. ಜುಲೈ, ಆಗಸ್ಟಿನ ಮೋಡಕ್ಕೆ ಸಪ್ಪಗಾಗುತ್ತದೆ. ಏಪ್ರಿಲ್, ಮೇನಲ್ಲಿ ಮಾತ್ರ ಬೆಂಗಳೂರಿನಲ್ಲಿ ಅದಕ್ಕೆ ಹಬ್ಬ. ಗಾಯ ಬೇಗ ಮಾಯುವ ತಿಂಗಳೂ ಅದೇ, ಹುಲ್ಲು ನೋಡಲು ಚೆನ್ನಾಗಿರುವ ತಿಂಗಳೂ ಅದೇ. ಎರಡಕ್ಕೂ ಕಾರಣ ಒಂದೇ ಆದ್ದರಿಂದ ಬೇರೆ ಬೇರೆ ಮಾಡಲು ಬರುವುದಿಲ್ಲ.

ಇನ್ನು ಕೆಳಗೇನಾಗುತ್ತದೆ ನೋಡಿ. ಗ್ರೀನ್‌ನ ಹುಲ್ಲನ್ನು 3ರಿಂದ 4 ಮಿಲಿಮೀಟರ್ ಎತ್ತರಕ್ಕೆ ಕತ್ತರಿಸುತ್ತೇವೆ. ಎರಡು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು. ಕತ್ತರಿಸಿದ ಎಲೆ ಯಂತ್ರದ ಬುಟ್ಟಿಗೆ ಬೀಳುತ್ತದೆ. ಸತ್ತ ಕಾಂಡ, ಹಳೆ ಬೇರು ಅಲ್ಲೇ ಉಳಿಯುತ್ತದೆ. ಕೊಳೆತು ಮಣ್ಣಾಗುವುದಕ್ಕಿಂತ ಬೇಗ ಅದು ಸೇರಿಕೊಳ್ಳುತ್ತಾ ಹೋಗುತ್ತದೆ. ಹುಲ್ಲಿಗೂ ಕೆಳಗಿನ ಮರಳಿಗೂ ನಡುವೆ ಒಂದು ಪದರ ಕಟ್ಟುತ್ತದೆ. ಪುಸ್ತಕದಲ್ಲಿ ಅದಕ್ಕೆ ಥ್ಯಾಚ್ ಅಂತ ಹೆಸರು. ನಮ್ಮ ಮಾಲಿಗಳು ಮೆತ್ತೆ ಅನ್ನುತ್ತಾರೆ. ಸ್ವಲ್ಪ ಮೆತ್ತೆ ಬೇಕು, ಇಲ್ಲದಿದ್ದರೆ ಚೆಂಡು ಬಿದ್ದ ಕಡೆಯೆಲ್ಲ ಹುಲ್ಲು ಹರಿದುಬರುತ್ತದೆ. ಅರ್ಧ ಇಂಚು ದಾಟಿತೋ, ಕಷ್ಟ ಶುರು. ನೀರು ಸ್ಪಂಜಿನಲ್ಲಿ ನಿಂತ ಹಾಗೆ ನಿಲ್ಲುತ್ತದೆ. ಬೇರು ಆಳಕ್ಕೆ ಇಳಿಯದೆ ಮೆತ್ತೆಯಲ್ಲೇ ಸುತ್ತಾಡುತ್ತದೆ. ಮೇಲಿಂದ ದಿನವೂ ನೂರಾರು ಕಾಲು ತುಳಿಯುತ್ತವೆ, ಅದೂ ಹೆಚ್ಚಾಗಿ ಕುಳಿಯ ಸುತ್ತಲೇ. ಗಾಳಿ ಹೋಗಲು ಜಾಗವೇ ಇರುವುದಿಲ್ಲ.

ಹೊಲವಾಗಿದ್ದರೆ ಉಳಬಹುದಿತ್ತು. ಗ್ರೀನ್ ಉಳುವ ಹಾಗಿಲ್ಲವಲ್ಲ. ಅದಕ್ಕೆ ಟೊಳ್ಳು ಮೊಳೆಗಳಿರುವ ಯಂತ್ರ ಬಿಟ್ಟು ಮಣ್ಣಿನ ತುಂಡುಗಳನ್ನು ಹೊರಗೆ ತೆಗೆಯುತ್ತೇವೆ, ಆ ಜಾಗಕ್ಕೆ ಹೊಸ ಮರಳು ತುಂಬುತ್ತೇವೆ. ನಮ್ಮ ತಂಡದ ಹಿರಿಯ ಮಾಲಿಗೆ ನಾನು ಇದನ್ನು ವಿವರಿಸಬೇಕಾಗಿ ಬರಲಿಲ್ಲ. ಮಾಗಡಿ ಕಡೆಯವರು, ಎಲ್ಲರೂ ಅಣ್ಣ ಅಂತಲೇ ಕರೆಯುತ್ತೇವೆ. ಮೊದಲ ಸಲ ಯಂತ್ರ ಓಡುವುದನ್ನು ನೋಡಿ ಅವರೇ ಹೇಳಿದರು: "ಇದು ಮಾಗಿ ಉಳುಮೆ ಇದ್ದಂಗೆ ಅಲ್ವಾ ಸಾರ್? ಮಳೆ ಬರೋ ಹೊತ್ಗೆ ನೆಲ ಬಾಯಿ ಬಿಟ್ಕಂಡು ಕಾಯ್ತಿರಬೇಕು." ಇಷ್ಟು ಚೆನ್ನಾಗಿ ನಾನು ಯಾವ ಕಮಿಟಿಗೂ ಹೇಳಿಲ್ಲ.

ಒಂದು ಸಣ್ಣ ಲೆಕ್ಕ. ಅರ್ಧ ಇಂಚು ಅಗಲದ ತೂತು, ಎರಡು ಇಂಚಿಗೊಂದು. ಚದರ ಅಡಿಗೆ 36 ಬರುತ್ತದೆ. 5,000 ಚದರ ಅಡಿಯ ಒಂದು ಗ್ರೀನ್‌ಗೆ 1,80,000. ಕೇಳಿದರೆ ಎದೆ ಝಲ್ ಅನ್ನುತ್ತದೆ, ನನಗೆ ಗೊತ್ತು. ಆದರೆ ಅಷ್ಟೂ ತೂತುಗಳ ಜಾಗ ಸೇರಿಸಿದರೆ ಗ್ರೀನ್‌ನಲ್ಲಿ ನೂರಕ್ಕೆ ಐದು ಪಾಲು. ಉಳಿದ 95 ಪಾಲು ಹುಲ್ಲು ಹಾಗೇ ನಿಂತಿದೆ, ಆ ಐದನ್ನು ಮುಚ್ಚುವ ಕೆಲಸಕ್ಕೆ ಆಗಲೇ ಹೊರಟಿದೆ. ಬಿಸಿಲು ಸರಿಯಾಗಿ ಬಿದ್ದರೆ ಎರಡು ವಾರದಲ್ಲಿ ಮುಚ್ಚುತ್ತದೆ. ಕೆಲವು ಸಲ ಮೂರು ವಾರ ಹಿಡಿಯಬಹುದು, ನಾನು ಯಾವತ್ತೂ ತಾರೀಖು ಬರೆದುಕೊಡುವುದಿಲ್ಲ. ಎಲ್ಲ ಗ್ರೀನ್‌ಗೂ ಒಂದೇ ಅಳತೆ ಅಂತಲೂ ಅಲ್ಲ. ಹಳೆ ಕಾಲದ ಮಣ್ಣಿನ ಗ್ರೀನ್ ಬೇರೆ, 12 ಇಂಚು ಮರಳು ಹಾಕಿ ಅದರ ಕೆಳಗೆ ಜಲ್ಲಿ ಹಾಸಿ ಕಟ್ಟಿದ ಗ್ರೀನ್ ಬೇರೆ. ಕೆಲವು ಕಡೆ ಸೂಜಿಯಂಥ ಸಣ್ಣ ಮೊಳೆ ಸಾಕಾಗುತ್ತದೆ. ಮೆತ್ತೆ ಎಷ್ಟಿದೆ ಅಂತ ಅಳೆದು ನೋಡದೆ ಯಾರಾದರೂ ನಿಮ್ಮ ಕ್ಲಬ್ಬಿಗೆ ಸಲಹೆ ಕೊಟ್ಟರೆ ದಯವಿಟ್ಟು ನಂಬಬೇಡಿ, ಅದು ನಾನೇ ಆದರೂ ಸರಿ.

ಆ ಎರಡು ವಾರ ಆಡಲು ಕಿರಿಕಿರಿ ಆಗುತ್ತದೆ ಅನ್ನುವುದನ್ನು ಒಪ್ಪುತ್ತೇನೆ. ಅದಕ್ಕೊಂದು ದಾರಿ ಇದೆ. ಚೆಂಡು ತೂತಿನಲ್ಲಿ ಕೂತರೆ ಅಥವಾ ತೂತಿಗೆ ತಾಗಿಕೊಂಡಿದ್ದರೆ ದಂಡವಿಲ್ಲದೆ ಪಕ್ಕಕ್ಕೆ ಇಡಬಹುದು ಅಂತ ಕ್ಲಬ್ಬು ಸ್ಥಳೀಯ ನಿಯಮ ಮಾಡಿಕೊಳ್ಳಬಹುದು. ಚೆಂಡಿನ ದಾರಿಯಲ್ಲಿ ತೂತು ಅಡ್ಡ ಇದೆ ಅನ್ನುವುದಕ್ಕೆ ಮಾತ್ರ ಅದು ಅನ್ವಯಿಸುವುದಿಲ್ಲ. 2019ರಿಂದ ಗ್ರೀನ್ ಮೇಲಿನ ಷೂ ಗುರುತನ್ನು ನೀವೇ ಸರಿ ಮಾಡಬಹುದು. ಈ ತೂತನ್ನು ತಟ್ಟಿ ಮುಚ್ಚುವ ಹಾಗಿಲ್ಲ. ಕಮಿಟಿಯವರು ಈ ನಿಯಮವನ್ನು ನೋಟಿಸ್ ಬೋರ್ಡಿಗೆ ಮೊದಲೇ ಹಾಕಿದರೆ ಅರ್ಧ ಜಗಳ ಕಡಿಮೆಯಾಗುತ್ತದೆ.

ತೂತು ಬೇಡ ಅಂತ ಮುಂದೂಡಿದರೆ ಏನಾಗುತ್ತದೆ? ಒಂದು ಕ್ಲಬ್ಬಿನಲ್ಲಿ ಅದನ್ನು ಕಣ್ಣಾರೆ ನೋಡಿದೆ. ಮೇನಲ್ಲಿ ಒಂದು ದೊಡ್ಡ ಟೂರ್ನಮೆಂಟ್ ಇತ್ತು. ಅತಿಥಿಗಳು ಬರುತ್ತಾರೆ, ಈ ವರ್ಷ ಬೇಡ ಅಂದರು. ಹಿಂದಿನ ವರ್ಷವೂ ಏನೋ ಕಾರಣಕ್ಕೆ ಬಿಟ್ಟಿತ್ತು. ನಾನು ಕಾಗದ ಬರೆದುಕೊಟ್ಟೆ, ಅಷ್ಟಕ್ಕೇ ಸುಮ್ಮನಾದೆ. ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು ಅಂತ ಇವತ್ತಿಗೂ ಅನ್ನಿಸುತ್ತದೆ. ಟೂರ್ನಮೆಂಟ್ ಚೆನ್ನಾಗಿಯೇ ಆಯಿತು, ಎಲ್ಲರೂ ಗ್ರೀನ್ ಹೊಗಳಿದರು. ಸೆಪ್ಟೆಂಬರಿನಲ್ಲಿ ಮಳೆ ಹಿಡಿಯಿತು. ನಾಲ್ಕು ಗ್ರೀನ್‌ಗಳ ಮೇಲೆ ನೀರು ನಿಂತಿತು. ಹುಲ್ಲು ಹಳದಿಯಾಯಿತು, ಆಮೇಲೆ ತೇಪೆ ತೇಪೆಯಾಗಿ ಸತ್ತಿತು. ಮಣ್ಣು ತೆಗೆದು ನೋಡಿದರೆ ಎರಡು ಇಂಚು ಕೆಳಗೆ ಕಪ್ಪು ಪಟ್ಟಿ, ಮೂಗಿಗೆ ಕೊಳೆತ ಮೊಟ್ಟೆಯ ವಾಸನೆ. ಗಾಳಿಯಿಲ್ಲದೆ ನೆಲ ಹುಳಿತಾಗ ಬರುವ ವಾಸನೆ ಅದು.

ನನಗೆ ನೋವಾಗಿದ್ದು ಮುಂದಿನ ವಿಷಯಕ್ಕೆ. ಬೈಗುಳ ಬಿದ್ದಿದ್ದು ಮಾಲಿಗಳ ಮೇಲೆ. "ಸರಿಯಾಗಿ ಕೆಲಸ ಮಾಡ್ತಿಲ್ಲ" ಅಂತ ಮೀಟಿಂಗಿನಲ್ಲಿ ಮಾತಾಯಿತು. ಇಬ್ಬರ ಓವರ್‌ಟೈಮ್ ನಿಲ್ಲಿಸಿದರು. ನಿರ್ಧಾರ ಮಾಡಿದವರು ಒಬ್ಬರು, ಪೆಟ್ಟು ತಿಂದವರು ಇನ್ನೊಬ್ಬರು.

ಹೋಲಿಕೆಯ ಕಾಟ ಇನ್ನೊಂದು. ಏಪ್ರಿಲ್‌ನಲ್ಲೇ ಟಿವಿಯಲ್ಲಿ ಮಾಸ್ಟರ್ಸ್ ಗಾಲ್ಫ್ ಟೂರ್ನಮೆಂಟ್ ಬರುತ್ತದೆ. ಅದು ನಡೆಯುವ ಅಮೆರಿಕದ ಆಗಸ್ಟಾ ಕ್ಲಬ್ಬಿನ ಗ್ರೀನ್ ಗಾಜಿನ ಹಾಗೆ ಕಾಣುತ್ತದೆ, ನಮ್ಮದರ ತುಂಬಾ ಮರಳು. ಬೇಜಾರಾಗುವುದು ಸಹಜ. ಆದರೆ ಆಗಸ್ಟಾದವರು 1981ರ ಹೊತ್ತಿಗೇ ಗ್ರೀನ್‌ನ ಬರ್ಮುಡಾ ತೆಗೆದು ಬೆಂಟ್‌ಗ್ರಾಸ್ ಹಾಕಿದರು, ಅದು ತಂಪು ಹವೆಯ ಹುಲ್ಲು. ಗ್ರೀನ್ ಕೆಳಗೆ ಗಾಳಿ ಎಳೆಯುವ ಪೈಪುಗಳಿವೆ. ಬೇಸಿಗೆ ಪೂರ್ತಿ ಕೋರ್ಸನ್ನೇ ಮುಚ್ಚುತ್ತಾರೆ. ನಾನು ಸೋಮವಾರ ಒಂದು ದಿನ ಮುಚ್ಚಿದರೆ ಮಂಗಳವಾರ ಬೆಳಗ್ಗೆ ಆರಕ್ಕೆ ಆಟ ಶುರು ಮಾಡುವ ಮೊದಲ ಟೀಯಲ್ಲಿ ಸಾಲು ನಿಂತಿರುತ್ತದೆ. ಗ್ರೀನ್‌ನ ವೇಗ ಅಳೆಯುವ ಸ್ಟಿಂಪ್‌ಮೀಟರ್ ವಿಷಯವೂ ಹಾಗೆಯೇ. 1935ರ ಯುಎಸ್ ಓಪನ್ ಗಾಲ್ಫ್ ನೋಡಿ ಎಡ್ವರ್ಡ್ ಸ್ಟಿಂಪ್‌ಸನ್ ಅನ್ನುವವರು ಮರದಲ್ಲಿ ಮಾಡಿದ ಸಾಧನ ಅದು. ಈಗಿನದು ಅಲ್ಯೂಮಿನಿಯಂ. ಒಂದೇ ಕೋರ್ಸಿನ 18 ಗ್ರೀನ್‌ಗಳೂ ಒಂದೇ ಹದದಲ್ಲಿವೆಯಾ ಅಂತ ನೋಡಲು ಅದು ಬೇಕು. ನಿಮ್ಮ ಕ್ಲಬ್ಬಿನಲ್ಲಿ ಚೆಂಡು 9 ಅಡಿ ಉರುಳುತ್ತದೆ, ನಮ್ಮಲ್ಲಿ 10 ಅಂತ ಪೈಪೋಟಿಗೆ ಅದನ್ನು ಹಿಡಿದರೆ ಬೇರೆ ದಾರಿಯಿಲ್ಲದೆ ಬ್ಲೇಡು ಇಳಿಸಬೇಕಾಗುತ್ತದೆ. ಎಲೆಯೇ ಇಲ್ಲದ ಹುಲ್ಲು ಅನ್ನ ಎಲ್ಲಿಂದ ಮಾಡಿಕೊಳ್ಳಬೇಕು?

ನಮ್ಮ ಊರಿಗೆ ಇನ್ನೊಂದು ಕಾರಣವೂ ಇದೆ. 2024ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರನ್ನು ತೋಟಕ್ಕೆ, ಕಾರು ತೊಳೆಯಲು ಬಳಸಬಾರದು, ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿದ್ದು ನೆನಪಿರಬಹುದು. ಆಟದ ಹುಲ್ಲಿಗೆ ಶುದ್ಧೀಕರಿಸಿದ ಕೊಳಚೆ ನೀರೇ ಸರಿ, ಅದರಲ್ಲಿ ನನಗೆ ಎರಡು ಮಾತಿಲ್ಲ. ಜನ ಕುಡಿಯಲು ಬಿಂದಿಗೆ ಹಿಡಿದು ನಿಂತಿರುವಾಗ ಹುಲ್ಲಿಗೆ ಒಳ್ಳೆ ನೀರು ಬಿಡುವುದು ತಪ್ಪು. ಆದರೆ ಆ ನೀರಿನ ಜೊತೆ ಉಪ್ಪು ಬರುತ್ತದೆ. ಮಳೆ ಬಂದಾಗ ಉಪ್ಪು ತೊಳೆದು ಕೆಳಗಿಳಿದು ಹೋಗಬೇಕು. ಮೆತ್ತೆ ಕಟ್ಟಿಕೊಂಡಿದ್ದರೆ ಇಳಿಯುವುದು ಎಲ್ಲಿಂದ? ತೂತು ಬೇಕೇ ಬೇಕು.

ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಓಲ್ಡ್ ಟಾಮ್ ಮಾರಿಸ್ ಅಂತ ಇದ್ದರು. 1860ರ ದಶಕದಿಂದ 1903ರ ತನಕ ಅಲ್ಲಿನ ಗ್ರೀನ್‌ಕೀಪರ್. ನಾಲ್ಕು ಸಲ ಬ್ರಿಟನ್ನಿನ ಓಪನ್ ಟೂರ್ನಮೆಂಟ್ ಗೆದ್ದ ಆಟಗಾರರೂ ಅವರೇ. ಗ್ರೀನ್ ಮೇಲೆ ಮರಳು ಹರಡುವ ಪದ್ಧತಿಗೆ ಹೆಸರಾದವರು. ಅಲ್ಲಿನ ಓಲ್ಡ್ ಕೋರ್ಸಿಗೆ ಇವತ್ತಿಗೂ ಸಾಮಾನ್ಯವಾಗಿ ಭಾನುವಾರ ಆಟವಿಲ್ಲ, ನೆಲಕ್ಕೆ ರಜೆ. ಅವರ ಕಾಲದಲ್ಲಿ ಹುಲ್ಲು ನೋಡುವವರೂ ಆಡುವವರೂ ಒಬ್ಬರೇ ಆಗಿದ್ದರು. ನಮ್ಮಲ್ಲಿ ಅಣ್ಣನ ಥರದವರು ಮೂವತ್ತು ವರ್ಷ ಗ್ರೀನ್ ಸವರಿದರೂ ಒಂದು ಸಲವೂ ಚೆಂಡು ಹೊಡೆಯುವ ಪಟರ್ ಹಿಡಿದಿರುವುದಿಲ್ಲ. ಬೆಳಗಿನ ಜಾವ ಐದಕ್ಕೆ ಬಂದು, ಉದ್ದ ಕೋಲಿನಲ್ಲಿ ಇಬ್ಬನಿ ಹೊಡೆದು, ಹಳೆ ಕುಳಿ ಮುಚ್ಚಿ ಹೊಸ ಕುಳಿ ತೆಗೆದು, ಬಾವುಟ ನೆಟ್ಟು ಸರಿಯುವಷ್ಟರಲ್ಲಿ ನಿಮ್ಮ ಮೊದಲ ಚೆಂಡು ಬರುತ್ತದೆ. ಅವರು ಇನ್ನೂ ಗ್ರೀನ್ ಮೇಲಿರುವಾಗ ದಯವಿಟ್ಟು ಹೊಡೆಯಬೇಡಿ. ಹೊಡೆದು ಆಮೇಲೆ "ಫೋರ್" ಅಂತ ಎಚ್ಚರಿಕೆ ಕೂಗುವುದರಿಂದ ಪ್ರಯೋಜನವಿಲ್ಲ. ಯಂತ್ರದ ಸದ್ದಿನಲ್ಲಿ ಅದು ಕೇಳಿಸುವುದಿಲ್ಲ. ಎರಡು ನಿಮಿಷ ಕಾಯಿರಿ. ಕೈಯೆತ್ತಿ ಸನ್ನೆ ಮಾಡಿದರೆ ಅವರೇ ಪಕ್ಕಕ್ಕೆ ಸರಿಯುತ್ತಾರೆ.

ಮೆಂಬರುಗಳೆಲ್ಲ ಹೀಗೇ ಅಂತ ನಾನು ಹೇಳುತ್ತಿಲ್ಲ. ಮೂರು ವರ್ಷದ ಹಿಂದೆ ಒಬ್ಬ ಹಿರಿಯರು ಕೋಪದಿಂದ ನನ್ನನ್ನು ಏಳನೇ ಗ್ರೀನ್‌ಗೆ ಕರೆಸಿದ್ದರು. ವಯಸ್ಸು ಎಂಬತ್ತರ ಹತ್ತಿರ, ರಿಟೈರ್ಡ್ ಇಂಜಿನಿಯರು. "ಏನಯ್ಯಾ ಇದು, ಜಾಲರಿ ಮಾಡಿಟ್ಟಿದ್ದೀಯಲ್ಲ" ಅಂದರು. ನಾನು ವಾದ ಮಾಡಲಿಲ್ಲ. ಯಂತ್ರ ಬಿಟ್ಟಿರದ ಅಭ್ಯಾಸದ ಗ್ರೀನ್‌ಗೆ ಕರೆದುಕೊಂಡು ಹೋಗಿ ಒಂದು ತುಂಡು ಮಣ್ಣು ತೆಗೆದು ಕೈಗೆ ಕೊಟ್ಟೆ. ಮೇಲೆ ತೆಂಗಿನ ನಾರಿನಂಥ ಕಂದು ಮೆತ್ತೆ, ಹಿಂಡಿದರೆ ಬೆರಳ ಸಂದಿಯಲ್ಲಿ ನೀರು. ಬೇರು ಒಂದು ಇಂಚಿಗೇ ನಿಂತಿತ್ತು. ಅವರು ಮೂಸಿ ನೋಡಿದರು, ಏನೂ ಹೇಳದೆ ಹೊರಟುಹೋದರು.

ಇಪ್ಪತ್ತು ದಿನ ಬಿಟ್ಟು ಅವರೇ ನನ್ನನ್ನು ಹುಡುಕಿಕೊಂಡು ಬಂದರು. ಏಳನೇ ಗ್ರೀನ್‌ನದೂ ಒಂದು ತುಂಡು ತೋರಿಸು ಅಂದರು. ಅಣ್ಣ ಗ್ರೀನ್ ಅಂಚಿನಲ್ಲಿ ಕೂತು ಮೆಲ್ಲಗೆ ತೆಗೆದರು. ಹಳೆ ಮಣ್ಣಿನ ನಡುವೆ ಬೆರಳು ದಪ್ಪದ ಮರಳಿನ ಕಂಬ. ಅದರೊಳಗೆ ಬಿಳಿ ಬೇರುಗಳು, ಶಾವಿಗೆ ಎಳೆಯ ಹಾಗೆ, ನಾಲ್ಕು ಇಂಚು ಕೆಳಗಿನ ತನಕ. ಹಿರಿಯರು ಕನ್ನಡಕ ಹಣೆಗೆ ಏರಿಸಿ ಅದನ್ನು ಕಣ್ಣಿನ ಹತ್ತಿರ ಹಿಡಿದುಕೊಂಡರು. ಎರಡು ಗುಂಪು ಆಡಿಕೊಂಡು ಮುಂದೆ ಹೋದರೂ ಕೆಳಗಿಡಲಿಲ್ಲ.