ಆಲ್ ವೀಲ್ ಡ್ರೈವ್ ಕಾರಿಗೆ ಎರಡೇ ಟೈರ್ ಹಾಕಿಸಿದರೆ

‘ಎರಡು ಹಾಕ್ಸಿ ಸಾಕು ಸಾರ್, ಇನ್ನೆರಡು ಹತ್ತು ಸಾವಿರ ಓಡ್ತವೆ’ ಎಂದು ತುಮಕೂರಿನ ಟೈರ್ ಅಂಗಡಿಯವರು ಹೇಳಿದರೆ ಅದರಲ್ಲಿ ಮೋಸವೇನಿಲ್ಲ. ಸ್ವಿಫ್ಟ್‌ನಂಥ ಎರಡೇ ಚಕ್ರ ಎಳೆಯುವ ಕಾರಿಗೆ ಆ ಲೆಕ್ಕ ಸರಿಯೇ. ಹೊಸ ಜೋಡಿ ಹಿಂದಕ್ಕೆ ಹೋಗಬೇಕು ಅಷ್ಟೆ. ಮಳೆನೀರಲ್ಲಿ ಹಿಂಬದಿ ಜಾರಿದರೆ ಕಾರು ಗಿರ್ರನೆ ತಿರುಗಿಬಿಡುತ್ತದೆ. ಆದರೆ ಎಂಜಿನ್ ಬಲ ನಾಲ್ಕೂ ಚಕ್ರಕ್ಕೆ ಹೋಗಬಲ್ಲ ಆಲ್ ವೀಲ್ ಡ್ರೈವ್ ಕಾರುಗಳಿವೆ; ಗ್ರ್ಯಾಂಡ್ ವಿಟಾರಾ ಆಲ್‌ಗ್ರಿಪ್, ಎಕ್ಸ್‌ಯುವಿ 700ರ ಆಲ್ ವೀಲ್ ಡ್ರೈವ್ ಮಾದರಿ, ಹಳೆಯ ಡಸ್ಟರ್ ಎಡಬ್ಲ್ಯುಡಿ ಇಂಥವಕ್ಕೆ ಆ ಲೆಕ್ಕ ಹೊಂದುವುದಿಲ್ಲ.

ಈ ಬಗೆಯ ಕಾರುಗಳಲ್ಲಿ ಎಂಜಿನ್ ಮಾಮೂಲಿಯಾಗಿ ತಿರುಗಿಸುವುದು ಮುಂದಿನ ಚಕ್ರಗಳನ್ನು. ಹಿಂದಕ್ಕೆ ಕಾರಿನ ತಳದಲ್ಲಿ ಉದ್ದನೆಯ ಶಾಫ್ಟ್ ಹೋಗಿರುತ್ತದೆ. ಅದು ಹಿಂದಿನ ಡಿಫರೆನ್ಷಿಯಲ್ (ಎಡಬಲ ಚಕ್ರಗಳು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಪೆಟ್ಟಿಗೆ) ಸೇರುವ ಜಾಗದಲ್ಲಿ, ಎಣ್ಣೆಯಲ್ಲಿ ಮುಳುಗಿದ ತೆಳು ಕ್ಲಚ್ ಪ್ಲೇಟುಗಳ ಒಂದು ಕಟ್ಟು ಇರುತ್ತದೆ, ಅದೇ ಕಪ್ಲಿಂಗ್. ಎಬಿಎಸ್ ಸೆನ್ಸರ್‌ಗಳು ನಾಲ್ಕೂ ಚಕ್ರಗಳ ವೇಗ ಅಳೆಯುತ್ತಲೇ ಇರುತ್ತವೆ. ಮುಂದಿನವು ಹಿಂದಿನವಕ್ಕಿಂತ ಜೋರಾಗಿ ತಿರುಗಿದರೆ, ಎಲ್ಲೋ ಕೆಸರಲ್ಲಿ ಜಾರುತ್ತಿವೆ ಎಂದು ಕಂಪ್ಯೂಟರ್ ಎಣಿಸಿ ಪ್ಲೇಟುಗಳನ್ನು ಒತ್ತಿ ಹಿಂದಕ್ಕೂ ಬಲ ಕಳಿಸುತ್ತದೆ.

ಈಗ ಸವೆದ ಟೈರ್ ಸೇರಿಸಿ ನೋಡಿ. 215/60 ಆರ್17 ಅಳತೆಯ ಹೊಸ ಟೈರಿನ ವ್ಯಾಸ ಸುಮಾರು 690 ಮಿ.ಮೀ., ಸುತ್ತಳತೆ 2167 ಮಿ.ಮೀ. ಟ್ರೆಡ್, ಅಂದರೆ ನೆಲ ಮುಟ್ಟುವ ರಬ್ಬರಿನ ಗೀರುಗಳ ಆಳ, 8 ಮಿ.ಮೀ.ನಿಂದ 4ಕ್ಕೆ ಇಳಿದರೆ ಸುತ್ತಳತೆ 25 ಮಿ.ಮೀ. ಕುಗ್ಗುತ್ತದೆ. ಅಂದರೆ ಹೊಸ ಟೈರ್ ಕಿಲೋಮೀಟರಿಗೆ 461 ಸುತ್ತು ಹಾಕಿದರೆ ಹಳೆಯದು 467 ಹಾಕಬೇಕು. ನಿಜವಾದ ರಸ್ತೆಯಲ್ಲಿ ವ್ಯತ್ಯಾಸ ಇದಕ್ಕಿಂತ ತುಸು ಕಡಿಮೆ, ಏಕೆಂದರೆ ಒಳಗಿನ ಉಕ್ಕಿನ ಬೆಲ್ಟ್ ಸವೆಯುವುದಿಲ್ಲ. ಆದರೂ ತುಮಕೂರಿನಿಂದ ಬೆಂಗಳೂರಿನ 70 ಕಿ.ಮೀ. ಮುಗಿಯುವಷ್ಟರಲ್ಲಿ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನೂರಾರು ಸುತ್ತುಗಳ ಅಂತರ ಬಿದ್ದಿರುತ್ತದೆ. ತಿರುವಿನಲ್ಲೂ ಚಕ್ರಗಳ ವೇಗ ಬೇರೆಬೇರೆಯಾಗುತ್ತದೆ ನಿಜ, ಆದರೆ ಅದು ಕ್ಷಣದ ಮಾತು. ಇಲ್ಲಿ ಹಾಗಲ್ಲ, ನೇರ ಹೆದ್ದಾರಿಯಲ್ಲೂ ಪ್ಲೇಟುಗಳು ಒಂದನ್ನೊಂದು ಉಜ್ಜುತ್ತಲೇ ಇರುತ್ತವೆ. ಎಣ್ಣೆ ಕಾದು ಕಪ್ಪಾಗುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಪಾರ್ಕಿಂಗ್‌ನಿಂದ ತೆಗೆಯುವಾಗ ಹಿಂದಿನಿಂದ ತಡೆದು ತಡೆದು ನಡುಗಿದಂತಾದರೆ ಅದು ಮೊದಲ ಸೂಚನೆ, ಡ್ಯಾಶ್‌ಬೋರ್ಡಿನ ದೀಪ ಆಮೇಲಿನದು. ಆ ಕಪ್ಲಿಂಗ್ ಬದಲಿಸುವ ಖರ್ಚಿನ ಮುಂದೆ ನಾಲ್ಕು ಟೈರಿನ ಬೆಲೆ ದೊಡ್ಡದಲ್ಲ.

ಒಂದೇ ಟೈರ್ ಹೊಸದಾದರೆ ಕಪ್ಲಿಂಗ್‌ಗೆ ಮುಟ್ಟುವ ವ್ಯತ್ಯಾಸ ಅರ್ಧಕ್ಕಿಳಿಯುತ್ತದೆ. ಆದರೆ ಆ ಆಕ್ಸಲ್ಲಿನ ಡಿಫರೆನ್ಷಿಯಲ್ ಗೇರುಗಳಿಗೆ ನೇರ ರಸ್ತೆಯಲ್ಲೂ ಬಿಡುವಿಲ್ಲ.

ಎಷ್ಟು ವ್ಯತ್ಯಾಸ ನಡೆಯುತ್ತದೆ? ಜಪಾನಿನ ಸುಬಾರು ಕಾರು ಕಂಪನಿ ಸುತ್ತಳತೆಯಲ್ಲಿ ಕಾಲು ಇಂಚಿಗಿಂತ ಹೆಚ್ಚು ಬೇಡ ಎನ್ನುತ್ತದೆ. ಟ್ರೆಡ್ ಲೆಕ್ಕದಲ್ಲಿ ಅದು ಬರೀ 1 ಮಿ.ಮೀ. ಇನ್ನು ಕೆಲವು ಕಂಪನಿಯವರು 2-3 ಮಿ.ಮೀ. ತನಕ ಬಿಡುತ್ತಾರೆ. ನಿಮ್ಮ ಕಾರಿನ ಮ್ಯಾನ್ಯುಯಲ್ ಏನು ಹೇಳುತ್ತದೋ ಅದೇ ಕೊನೆಯ ಮಾತು. ಡೆಪ್ತ್ ಗೇಜಿನಿಂದ ಪ್ರತಿ ಟೈರಿನ ಒಳಅಂಚು, ನಡು, ಹೊರಅಂಚು ಮೂರೂ ಕಡೆ ಅಳೆದು ಬರೆದಿಡಿ. ಒಳಅಂಚು ಮಾತ್ರ ಬೋಳಾಗಿದ್ದರೆ ತಪ್ಪು ಟೈರಿನದಲ್ಲ, ಅಲೈನ್‌ಮೆಂಟಿನದು.

ಗೇಜ್ ಇಲ್ಲದಿದ್ದರೆ ಸೀಮೆಸುಣ್ಣ ಸಾಕು. ಬೆಳಿಗ್ಗೆ ಟೈರ್ ತಣ್ಣಗಿರುವಾಗ ಒಂದೇ ಆಕ್ಸಲ್ಲಿನ ಎರಡಕ್ಕೂ ಸಮ ಗಾಳಿ ತುಂಬಿ. ನೆಲ ಮುಟ್ಟಿದ ಜಾಗದ ನೇರಕ್ಕೆ ಎರಡು ಟೈರಿನ ಪಕ್ಕದಲ್ಲೂ ಗುರುತು ಹಾಕಿ. ಸಮತಟ್ಟಾದ ಜಾಗದಲ್ಲಿ ಸ್ಟೀರಿಂಗ್ ಅಲ್ಲಾಡಿಸದೆ, ಒಂದು ಚಕ್ರ ಸರಿಯಾಗಿ ಹತ್ತು ಸುತ್ತು ಮುಗಿಸುವ ತನಕ, ಅಂದರೆ ಸುಮಾರು 22 ಮೀಟರ್, ಕಾರನ್ನು ತಳ್ಳಿ. ಎರಡೂ ಗುರುತು ಒಟ್ಟಿಗೆ ಕೆಳಕ್ಕೆ ಬಂದರೆ ಜೋಡಿ ಸಮ. 4 ಮಿ.ಮೀ. ಸವೆತದ ಅಂತರವಿದ್ದರೆ ಸವೆದದ್ದರ ಗುರುತು ನೆಲ ಮುಟ್ಟುವ ಜಾಗ ದಾಟಿ ಇಪ್ಪತ್ತು-ಇಪ್ಪತ್ತೈದು ಸೆಂ.ಮೀ. ಹೆಚ್ಚು ತಿರುಗಿರುತ್ತದೆ. ಎಂಜಿನ್ ಭಾರ ಮುಂದಿನ ಟೈರುಗಳನ್ನು ಹೆಚ್ಚು ಅದುಮುವುದರಿಂದ ಮುಂದಿನದನ್ನು ಹಿಂದಿನದರ ಜತೆ ಹೀಗೆ ಹೋಲಿಸಿದರೆ ಅಂದಾಜು ಮಾತ್ರ ಸಿಗುತ್ತದೆ.

ಕೊಳ್ಳುವಾಗ ನಾಲ್ಕೂ ಒಂದೇ ಕಂಪನಿ, ಒಂದೇ ಮಾದರಿ. ಪಕ್ಕದಲ್ಲಿ ಒಂದೇ ಅಳತೆ ಬರೆದಿದ್ದರೂ ಎರಡು ಕಂಪನಿಗಳ ಟೈರುಗಳ ನಿಜವಾದ ವ್ಯಾಸದಲ್ಲಿ ಕೆಲವು ಮಿ.ಮೀ. ಹೆಚ್ಚುಕಡಿಮೆ ಇರುತ್ತದೆ. ಅಳತೆಯ ಪಕ್ಕದ 96ಎಚ್ ಎಂದರೆ ಒಂದು ಟೈರ್ 710 ಕೆ.ಜಿ. ಹೊರುತ್ತದೆ, 210 ಕಿ.ಮೀ. ವೇಗ ತಾಳುತ್ತದೆ ಎಂದು. ಕಾರಿಗೆ ಹೇಳಿದ್ದಕ್ಕಿಂತ ಕಡಿಮೆಯದು ಬೇಡ. ಟೈರಿನ ಪಕ್ಕದಲ್ಲಿ ಡಾಟ್ (DOT) ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ 2324 ಆಗಿದ್ದರೆ 2024ರ 23ನೇ ವಾರದ ಟೈರ್. ಐಎಸ್‌ಐ ಗುರುತೂ ಇರಬೇಕು.

ಎಚ್‌ಟಿಯೋ ಎಟಿಯೋ ಎಂಬುದು ಓಡಾಟದ ಮೇಲೆ ನಿಂತಿದೆ. ಚಿಕ್ಕಬಳ್ಳಾಪುರ-ಬೆಂಗಳೂರು ಹೆದ್ದಾರಿಯಲ್ಲೇ ದಿನ ಕಳೆಯುವ ಕಾರಿಗೆ ಎಚ್‌ಟಿ, ಅಂದರೆ ರಸ್ತೆಯ ಟೈರ್, ಸಾಕು. ಎಟಿಯಲ್ಲಿ, ಅಂದರೆ ಕಚ್ಚಾ ದಾರಿಗೂ ಒದಗುವ ಟೈರಿನಲ್ಲಿ, ಸದ್ದು ಹೆಚ್ಚು, ಮೈಲೇಜ್ ಕಡಿಮೆ, ಒದ್ದೆ ಟಾರಿನ ಮೇಲೆ ಬ್ರೇಕ್ ಹಿಡಿಯುವುದೂ ಸಾಮಾನ್ಯವಾಗಿ ತುಸು ತಡ. ತೋಟದ ಹಸಿ ಕೆಂಪುಮಣ್ಣಿನ ದಾರಿ, ಕ್ವಾರಿ ಕಡೆಯ ಚೂಪು ಜಲ್ಲಿ ನಿತ್ಯದ ಪಾಡಾದರೆ ಮಾತ್ರ ಎಟಿಗೆ ಅರ್ಥವಿದೆ. ನಾಲ್ಕೂ ಚಕ್ರ ಎಳೆಯುತ್ತವೆ ಎಂಬ ಧೈರ್ಯ ದೇವರಾಯನದುರ್ಗದ ಇಳಿಜಾರಿನಲ್ಲಿ ಕೆಲಸಕ್ಕೆ ಬರುವುದಿಲ್ಲ. ಬ್ರೇಕ್ ಎಲ್ಲ ಕಾರಿನಲ್ಲೂ ನಾಲ್ಕು ಚಕ್ರಕ್ಕೂ ಇದೆ, ಹಿಡಿಯುವುದು ರಬ್ಬರು.

ಪಾವಗಡ, ಶಿರಾ, ಮಧುಗಿರಿ ಕಡೆ ಬಳ್ಳಾರಿ ಜಾಲಿ ಮುಳ್ಳಿನ ಕಾಟ ಬೇರೆ. ಕಾನೂನು ಬಿಡುವ ಕನಿಷ್ಠ ಟ್ರೆಡ್ 1.6 ಮಿ.ಮೀ.; ಆ ಮಟ್ಟಕ್ಕೆ ಸವೆದ ಟೈರಿನಲ್ಲಿ ಮುಳ್ಳು ಸಲೀಸಾಗಿ ಒಳಗಿಳಿಯುತ್ತದೆ. 3 ಮಿ.ಮೀ.ಗೆ ಬದಲಿಸುವುದು ಮೇಲು. ಟ್ರೆಡ್ ನಡುವಿನ ಚಿಕ್ಕ ತೂತಿಗೆ ಟೈರ್ ಬಿಚ್ಚಿ ಒಳಗಿನಿಂದ ಮಶ್ರೂಮ್ ಪ್ಯಾಚ್ ಹಾಕಿಸಬಹುದು. ಪಕ್ಕ ಹರಿದರೆ ರಿಪೇರಿ ಇಲ್ಲ. ಅರ್ಧ ಸವೆದ ಸೆಟ್ಟಿನಲ್ಲಿ ಒಂದು ಹೀಗೆ ಹೋದರೆ, ಅದೇ ಮಾದರಿಯ, ಅಷ್ಟೇ ಸವೆದ, ತಾರೀಖು ಹಳೆಯದಲ್ಲದ ಸೆಕೆಂಡ್ ಹ್ಯಾಂಡ್ ಟೈರ್ ಹುಡುಕುವುದೇ ಜಾಣತನ. ಸ್ಟೆಪ್ನಿ ಪೂರ್ಣ ಅಳತೆಯದಾಗಿದ್ದು ಅದೇ ಮಾದರಿಯದಾಗಿದ್ದರೆ ಪ್ರತಿ 8,000-10,000 ಕಿ.ಮೀ.ಗೆ ಅದನ್ನೂ ಸೇರಿಸಿ ಐದನ್ನೂ ಜಾಗ ಬದಲಿಸುತ್ತಾ ಬನ್ನಿ, ಆ ಹುಡುಕಾಟವೂ ತಪ್ಪುತ್ತದೆ. ಚಿಕ್ಕ ಸ್ಟೆಪ್ನಿಯಾದರೆ ಅದು ಪಂಕ್ಚರ್ ಅಂಗಡಿ ಮುಟ್ಟುವಷ್ಟಕ್ಕೆ ಮಾತ್ರ, ನಿಧಾನವಾಗಿ.

ಥಾರ್, ಫಾರ್ಚೂನರ್ 4x4ಗಳಲ್ಲಿ ಲಿವರ್ ಅಥವಾ ಸ್ವಿಚ್ 2ಎಚ್‌ನಲ್ಲಿ, ಅಂದರೆ ಹಿಂದಿನ ಎರಡೇ ಚಕ್ರ ಎಳೆಯುವಂತೆ, ಇರುವ ತನಕ ಈ ತಲೆನೋವಿಲ್ಲ. ಒಣ ಟಾರಿನ ಮೇಲೆ, ಮುಂದಿನ ಹಿಂದಿನ ಚಕ್ರಗಳನ್ನು ಒಟ್ಟಿಗೆ ಬಿಗಿಯುವ 4ಎಚ್ ಹಾಕಲೇಬಾರದು.

ಹೊಸ ನಾಲ್ಕು ಏರಿದ ದಿನ ವಾಲ್ವ್ ಹೊಸದು ಹಾಕಿಸಿ, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಮಾಡಿಸಿ. ಅಚ್ಚಿನಿಂದ ಬಂದ ಜಾರು ಪದರ ಹೋಗುವ ತನಕ, ಮೊದಲ 200-300 ಕಿ.ಮೀ., ಮೆಲ್ಲಗೆ ಓಡಿಸಿ. ನಟ್ಟುಗಳನ್ನು ಗಾಳಿ ಗನ್ನಿನಲ್ಲೇ ಮುಗಿಸದೆ ಟಾರ್ಕ್ ರೆಂಚಿನಿಂದ ಮ್ಯಾನ್ಯುಯಲ್ ಹೇಳಿದಷ್ಟೇ ಬಿಗಿಸಲು ಹೇಳಿ, 100 ಕಿ.ಮೀ. ಆದಮೇಲೆ ಇನ್ನೊಮ್ಮೆ ನೋಡಿಸಿ.